ಬಾಗಿಲ ಬಳಿಯ ಕಂಡಕ್ಟರು

10-12-2023, ಭಾನುವಾರ

ಇಪ್ಪತ್ಮೂರು. ಗಂಡಸರು ಏಳು, ಹೆಂಗಸರು ಹನ್ನೊಂದು, ಮಕ್ಕಳು ಐದು. ಎರಡನೇ ಹಾಡು ಮುಗಿಯೋದರೊಳಗೆ ಚರ್ಚಿನ ರಿಜಿಸ್ಟರಿಗೆ ಹಾಕಿದೆ. ಮೂವತ್ತೊಂದು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ಇದೇನು ಮಹಾ. ಬಾಗಿಲ ಹತ್ತಿರ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ಸಾಕು.

ಹೊಸ ಪಾಸ್ಟರ್ ಬಂದು ಇದು ಎರಡನೇ ವಾರ. ಹೆಂಗಸು. ಹೆಪ್ಸಿಬಾ ಅಂತ ಹೆಸರು. ಮೂವತ್ತು ತುಂಬಿಲ್ಲ. ಸ್ಕೂಟರಿನಲ್ಲಿ ಬರುತ್ತಾರೆ — ಹೆಲ್ಮೆಟ್ಟು, ಬೈಬಲ್ಲು ಎರಡೂ ಒಂದೇ ಕೈಯಲ್ಲಿ. ಇಷ್ಟು ವರ್ಷ ಕೊಳ್ಳೇಗಾಲದಿಂದ ಎರಡು ತಿಂಗಳಿಗೊಮ್ಮೆ ಅಯ್ಯನೋರು ಬಂದು ಹೋಗುತ್ತಿದ್ದರು. ಇವರು ಹನೂರಲ್ಲೇ ಮನೆ ಮಾಡಿದ್ದಾರೆ. ನನ್ನ ಹೆಂಡತಿ ಗ್ರೇಸಮ್ಮನಿಗೆ ಖುಷಿಯೋ ಖುಷಿ. ನನಗೆ... ನೋಡೋಣ. ದನಿ ಸಣ್ಣದು. ಮೈಕು ಬೇಕಾಗುತ್ತೆ.

7-1-2024, ಭಾನುವಾರ

ಮೂವತ್ತನಾಲ್ಕು! ಚರ್ಚಿಗೆ ಬರೋದು ಬಿಟ್ಟಿದ್ದ ಹಳೇ ಮನೆಗಳನ್ನೆಲ್ಲ ಪಾಸ್ಟರಮ್ಮ ಹುಡುಕಿ ಹುಡುಕಿ ಹೋಗಿದ್ದಾರೆ. ಬೈದಿಲ್ಲ. ಬನ್ನಿ ಅಂತಲೂ ಅಂದಿಲ್ಲವಂತೆ. ಕೂತು ಕಾಫಿ ಕುಡಿದು, ಮಕ್ಕಳ ಹೆಸರು ಕೇಳಿಕೊಂಡು ಎದ್ದು ಬಂದಿದ್ದಾರೆ. ನಾಚಿಕೆಗೇ ಬಂದರು ಜನ.

ತಿಂಗಳ ಮೊದಲ ಭಾನುವಾರ, ಕರ್ತನ ಭೋಜನ. ಎಲ್ಲರೂ ಸಾಲಾಗಿ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತಗೊಂಡರು. ನಾನು ಬಾಗಿಲಲ್ಲೇ. ಚಪ್ಪಲಿ ನಾಯಿ ಎತ್ತಿಕೊಂಡು ಹೋಗುತ್ತೆ ಅಂತ ನೆಪ. ಒಂಬತ್ತು ವರ್ಷದಿಂದ ಅದೇ ನಾಯಿ.

11-2, ಭಾನುವಾರ

ಇವತ್ತು ಎಣಿಕೆ ತಪ್ಪಿತು. ಎರಡು ಸಲ ಎಣಿಸಿದರೂ ಲೆಕ್ಕ ಕೂಡಲಿಲ್ಲ.

ಹಿಂದಿನ ಕಿಟಕಿ ಪಕ್ಕ ಒಬ್ಬಳು ಅಜ್ಜಿ. ಊರುಗೋಲು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂತಿದ್ದಳು. ಚಿಕ್ಕನಿಂಗಮ್ಮ. ಹೂಗ್ಯಂನವಳು. ನೋಡಿದ ತಕ್ಷಣ ಗುರುತು ಹಿಡಿದೆ. ಅವಳಿಗೂ ಗುರುತು ಸಿಕ್ಕಿತು. ಮುಖ ಅರಳಿಸಿಕೊಂಡಳು.

"ಯೋನ್ ಕಂಡಕ್ಟ್ರಣ್ಣ, ಇದು ನಿಮ್ ಗುಡಿಯಾ? ಮೊಮ್ಮಗಳು ಧನುಶ್ರೀ ಇಲ್ಲೇ ಆಸ್ಟ್ಲಲ್ಲಿ ಓದ್ತಾವ್ಳೆ. ವಾರವಾರ ನೋಡ್ಕಂಡು ಓಯ್ತೀನಿ. ಬಸ್ಸು ಒಂದ್ ಗಂಟೆಗೆ. ಅಲ್ಲೀಗಂಟ ಬಿಸ್ಲಲ್ಲಿ ಯಾಕ್ ಕೂರದು ಅಂತ ಒಳಕ್ ಬಂದೆ. ಬೈತೀರಾ?"

"ಯಾರು ಬೈತಾರೆ, ಕೂತ್ಕಳವ್ವ" ಅಂದೆ. ಬಾಗಿಲಿಗೆ ವಾಪಸ್ ಬಂದು ನಿಂತೆ.

12-2, ಸೋಮವಾರ. ಬೆಳಿಗ್ಗೆ 5.30

ಗ್ರೇಸಮ್ಮ ಹಾಲಿಗೆ ಹೋಗಿದ್ದಾಳೆ. ಈಗಲೇ ಬರೆದುಬಿಡಬೇಕು. ಯಾರೂ ಓದೋದಲ್ಲ, ಆದರೂ ಕೈ ಏಳ್ತಿಲ್ಲ.

2015. ಹೂಗ್ಯಂ ಟ್ರಿಪ್ಪು. ಡ್ರೈವರ್ ಮಂಟೇಸ್ವಾಮಿ. ಕ್ರಾಸಿನಲ್ಲಿ ಬಸ್ಸು ನಿಂತಿತು. ಚಿಕ್ಕನಿಂಗಮ್ಮ ಹಿಂಬಾಗಿಲಿಂದ ಹುರುಳಿ ಮೂಟೆ ಹಿಡಿದು ಇಳಿಯುತ್ತಿದ್ದಳು. ನಾನು ಸೀಟಿಗೆ ಜಗಳ ತೆಗೆದಿದ್ದ ಒಬ್ಬ ಕುಡುಕನ ಕಡೆ ತಿರುಗಿದ್ದೆ. ನೋಡದೇ, ಹೊರಡು ಅಂತ ಡಬಲ್ ವಿಷಲ್ ಊದಿದೆ. ಬಸ್ಸು ಹೊರಟಿತು. ಅವಳು ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದವನೂ ನಾನೇ.

ಸಂಜೆ ಓನರ್ ಇಬ್ಬರನ್ನೂ ನಿಲ್ಲಿಸಿ ಕೇಳಿದರು. "ವಿಷಲ್ ಹಾಕಿದ್ಯಾ ಎಲೀಶ?" ಮಗಳ ಮದುವೆಗೆ ನಲವತ್ತು ದಿನ ಇತ್ತು. "ಇಲ್ಲ ಸಾ" ಅಂದೆ. "ವಿಷಲ್ ಇಲ್ದೇ ಬಿಟ್ಬುಟ್ಟ."

ಮಂಟೇಸ್ವಾಮಿ ನನ್ನ ಮುಖ ನೋಡಿದ. ಒಂದು ಮಾತೂ ಆಡಲಿಲ್ಲ. ಹನ್ನೊಂದು ವರ್ಷ ಒಂದೇ ಟಿಫನ್ ಕ್ಯಾರಿಯರಿನಲ್ಲಿ ಉಂಡವರು ನಾವು. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ಯಾವ ಓನರೂ ಅವನಿಗೆ ಬಸ್ಸು ಕೊಡಲಿಲ್ಲ. ಯಳಂದೂರಿನಲ್ಲಿ ಮಗಳು ರೂಪಳ ಮನೆ ಸೇರಿಕೊಂಡು ಡೈರಿಯ ಹಾಲಿನ ವ್ಯಾನು ಓಡಿಸ್ತಾನೆ ಅಂತ ಕೇಳಿದ್ದೇನೆ. ಕೇಳಿದ್ದೇನೆ ಅಷ್ಟೆ. ಹೋಗಿಲ್ಲ.

ನಿನ್ನ ಸಹೋದರನ ಹತ್ತಿರ ಮೊದಲು ಒಂದಾಗು, ಆಮೇಲೆ ಬಾ ಅಂತ ಬೈಬಲ್ಲಿನಲ್ಲಿ ಇದೆ. ಅದಕ್ಕೇ ಕರ್ತನ ಭೋಜನದ ಮೇಜಿಗೆ ಹೋಗೋಕೆ ನನಗೆ ಮುಖವಿಲ್ಲ. ಬರೆದಾಯಿತು. ಗೇಟಿನ ಸದ್ದು—

31-3, ಈಸ್ಟರ್

ಐವತ್ತೆರಡು. ಬೆಂಚು ಸಾಲದೆ ಚಾಪೆ ಹಾಕಿದೆವು. ಮಕ್ಕಳ ಓದಿಗೆ ಅಂತ ಗೋಪಿನಾಥಂ ಕಡೆಯಿಂದ ಹನೂರಿಗೆ ಬಂದ ನಾಲ್ಕು ತಮಿಳು ಮನೆಯವರೂ ಬಂದಿದ್ದರು. ಒಂದು ಚರಣ ಕನ್ನಡದಲ್ಲಿ, ಒಂದು ಚರಣ ತಮಿಳಿನಲ್ಲಿ ಹಾಡಿಸಿದರು ಪಾಸ್ಟರಮ್ಮ. ರಾಗ ಒಂದೇ ಆದ್ದರಿಂದ ಬಚಾವು. ಮರದಡಿ ಸಂಡೇ ಸ್ಕೂಲು, ಗಲಾಟೆ, ಬಿದ್ದು ತರಚಿದ ಮಂಡಿ, ಅಳು. ಎಷ್ಟು ಚೆನ್ನಾಗಿತ್ತು.

ಊಟಕ್ಕೆ ಸಾರು ಸಾಲದೆ ಗ್ರೇಸಮ್ಮ ಎರಡು ಸಲ ನೀರು ಹೊಯ್ದಳು. "ಐದು ರೊಟ್ಟಿ ಎರಡು ಮೀನಲ್ಲಿ ಐದು ಸಾವಿರ ಜನಕ್ಕೆ ಉಣ್ಣಿಸಿದ ಕಥೆ ಹೇಳೋರು ಬಂದು ಈ ಪಾತ್ರೆ ನೋಡ್ಲಿ" ಅಂತ ಗೊಣಗಿದಳು. ಪಾಸ್ಟರಮ್ಮ ಬಿದ್ದು ಬಿದ್ದು ನಕ್ಕರು.

ಚಿಕ್ಕನಿಂಗಮ್ಮ ಒಂದು ವಾರವೂ ತಪ್ಪಿಸಲ್ಲ. "ನಾ ಮಾದಪ್ಪನ ಒಕ್ಲು ಕಣಣ್ಣ, ಅದ್ರಲ್ಲಿ ಎಲ್ಡ್ ಮಾತಿಲ್ಲ. ನಿಮ್ ಆಡು ಕೇಳಕ್ ಚಂದಾಗದೆ, ಅದ್ಕೆ ಕುಂತಿವ್ನಿ. ಬೇಕಾರೆ ಎಣಿಸ್ಕ." ಎಣಿಸಿಕೊಂಡೆ.

9-6, ಭಾನುವಾರ

ಆರಾಧನೆ ಆದ ಮೇಲೆ ಪಾಸ್ಟರಮ್ಮ ರಿಜಿಸ್ಟರ್ ಹಿಡಿದು ಬಂದರು. "ಅಂಕಲ್, ನೀವು ಐವತ್ತೆಂಟು ಬರೆದಿದ್ದೀರಿ. ನಾನು ಐವತ್ತೊಂಬತ್ತು ಎಣಿಸಿದೆ. ಹೋದ ವಾರಾನೂ ಒಂದು ಕಮ್ಮಿ."

ನನ್ನ ಲೆಕ್ಕ ತಪ್ಪು ಅಂತಾರಲ್ಲ, ಸಿಟ್ಟು ಬಂತು. ಒಬ್ಬೊಬ್ಬರ ಹೆಸರು ಹಿಡಿದು ಹೇಳಿದೆ. ಬೆರಳು ಮಡಚಿಕೊಂಡು ಕೇಳಿದರು. ಕೊನೆಗೆ, "ನೀವು?"

"ನಾನ್ಯಾಕೆ? ಕಂಡಕ್ಟರು ತನ್ನನ್ನ ಎಣಿಸಿಕೊಳ್ಳಲ್ಲ ಅಮ್ಮ. ಡ್ರೈವರು, ಕಂಡಕ್ಟರು ಲೆಕ್ಕಕ್ಕಿಲ್ಲ."

ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದಕ್ಕೇನಾ ಭೋಜನಕ್ಕೂ ಬರಲ್ಲ?" ಅಂದರು. ನಾಯಿ ಕಥೆ ಹೇಳಿದೆ. "ಹನೂರಲ್ಲಿ ಚಪ್ಪಲಿ ಕದಿಯೋ ನಾಯಿನ ನಾನಿನ್ನೂ ನೋಡಿಲ್ಲ ಅಂಕಲ್" ಅಂದು ಸ್ಕೂಟರ್ ಹತ್ತಿದರು.

ಸಣ್ಣ ದನಿ ಅಂದುಕೊಂಡಿದ್ದೆ. ಮನೆಗೆ ಬಂದರೂ ಕೇಳಿಸ್ತಾನೇ ಇದೆ.

18-8, ಭಾನುವಾರ

ಎರಡು ತಿಂಗಳು ಬರೆದಿಲ್ಲ. ಬರೆದರೆ ಅದೇ ಬರುತ್ತೆ ಅಂತ.

ಇವತ್ತು ಚಿಕ್ಕನಿಂಗಮ್ಮನನ್ನು ಬಸ್ಸಿಗೆ ಹತ್ತಿಸೋಕೆ ಹೋದೆ. ಕಾಲು ಎಳೆದುಕೊಂಡು ನಡೆಯುತ್ತಾ ಅವಳೇ ತೆಗೆದಳು. "ಆ ಡ್ರೈವರ ಮನೆ ಆಳಾಗೋಗ್ಲಿ ಅಂತ ಮಾದಪ್ಪನ ಮುಂದೆ ಮಣ್ಣು ತೂರಿವ್ನಿ ಕಣಣ್ಣ. ವಿಷಲ್ ಇಲ್ದೇ ಬಸ್ ಬುಡ್ತಾನಾ ಯಾವನಾರ? ನೀ ದೇವ್ರಂತೋನು, ಎತ್ಕಂಡು ಓಡ್ದೆ. ನಿಂಗೆ ಒಳ್ಳೇದಾಗ್ಲಿ ಅಂತ ದಿನಾ ಕೈ ಮುಗೀತೀನಿ."

ನನ್ನ ಪಾಲಿನ ಶಾಪ ಅವನಿಗೆ. ಅವನಿಗೆ ಸಿಗಬೇಕಾದ ಹಾರೈಕೆ ನನಗೆ.

1-9, ಭಾನುವಾರ

ಭೋಜನದ ಭಾನುವಾರ. ಅರವತ್ತು.

ಮನೆಗೆ ಬಂದು ಸೀರೆ ಮಡಚುತ್ತಾ ಗ್ರೇಸಮ್ಮ ಹೇಳಿದಳು. "ಒಂಬತ್ತು ವರ್ಷದಿಂದ ನಾನೊಬ್ಳೇ ಎದ್ದು ಮುಂದಕ್ಕೆ ಹೋಗ್ತಿದೀನಿ ರೀ. ಪ್ರತಿ ಸಲ ಒಂದ್ ಸಾರಿ ಹಿಂದಕ್ಕೆ ತಿರುಗಿ ನೋಡ್ತೀನಿ. ಬರ್ತಿದೀರೇನೋ ಅಂತ." ಅಷ್ಟೇ. ಯಾಕೆ ಅಂತ ಇವತ್ತೂ ಕೇಳಲಿಲ್ಲ.

ಎಲ್ಲ ಹೇಳಿದೆ. ಕೈಯಲ್ಲಿದ್ದ ಸೀರೆ ಕೆಳಗಿಟ್ಟಳು. "ಮದುವೆ ದಿನ ಬಾಗಿಲಿಗೇ ಬಂದು ಮಗಳ ಕೈಗೆ ಬೆಳ್ಳಿ ಕುಂಕುಮದ ಬಟ್ಟಲು ಕೊಟ್ಟು ಹೋದರಲ್ಲ ಮಂಟೇಸ್ವಾಮಿ, ಊಟಕ್ಕೂ ನಿಲ್ಲದೇ" ಅಂದಳು.

ನನಗೆ ಗೊತ್ತೇ ಇರಲಿಲ್ಲ. ನಮಗೆ ಕುಂಕುಮ ಯಾತಕ್ಕೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಪಾಪ. ಗೋಡೆ ಕಡೆ ತಿರುಗಿ ಅತ್ತೆ.

6-10, ಭಾನುವಾರ

ಹನೂರು ಇನ್ಮೇಲೆ ಕೊಳ್ಳೇಗಾಲದ ಬಾಲವಲ್ಲ, ಸ್ವಂತ ಸಭೆ. ಆರ್ಡರ್ ಬಂದಿದೆ. ಡಿಸೆಂಬರ್ ಒಂದಕ್ಕೆ ಕಾರ್ಯಕ್ರಮ. ಅವತ್ತು ನಾನು ವರ್ಷದ ವರದಿ ಓದಬೇಕಂತೆ. ನನ್ನನ್ನೇ ಸಭಾ ಹಿರಿಯನಾಗಿ ನೇಮಿಸ್ತಾರಂತೆ. ಜನ ಚಪ್ಪಾಳೆ ತಟ್ಟಿದರು. ಚಿಕ್ಕನಿಂಗಮ್ಮ ಎಲ್ಲರಿಗಿಂತ ಜೋರಾಗಿ.

ಆಗಲ್ಲ ಅಂತ ಪಾಸ್ಟರಮ್ಮನಿಗೆ ಹೇಳಿದೆ. ಕಾರಣ ಕೇಳಲಿಲ್ಲ. "ಇನ್ನೂ ಎಂಟು ವಾರ ಇದೆ ಅಂಕಲ್" ಅಂದರು.

18-11, ಸೋಮವಾರ

ವರದಿ ಬರೆಯೋಕೆ ಕೂತೆ. 'ದೇವರ ಕೃಪೆಯಿಂದ ನಮ್ಮ ಸಭೆಯು ಈ ವರ್ಷ ಇಪ್ಪತ್ಮೂರರಿಂದ ಅರವತ್ನಾಲ್ಕಕ್ಕೆ ಬೆಳೆಯಿತು. ತಗಡಿನ ಚಪ್ಪರ ಆಯಿತು. ಮೈಕು ಬಂತು. ಸಂಡೇ ಸ್ಕೂಲಿಗೆ ಹತ್ತೊಂಬತ್ತು ಮಕ್ಕಳು...' ಎಲ್ಲಾ ನಿಜವೇ. ಆದರೂ ಹೊಡೆದು ಹಾಕಿದೆ. ಬೆಳೆದದ್ದನ್ನು ಬರೆಯೋ ಕೈ ಎಂಥದು ಅಂತ ನನಗೆ ಗೊತ್ತಲ್ಲ.

ನಾಡಿದ್ದು ಯಳಂದೂರಿಗೆ ಹೋಗ್ತೀನಿ.

20-11, ಬುಧವಾರ

ಹೋಗಿ ಬಂದೆ.

ಮನೆ ಮುಂದೆ ಮಂಟೇಸ್ವಾಮಿ ಹಾಲಿನ ವ್ಯಾನಿನ ಕನ್ನಡಿ ಒರೆಸ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. "ಏನ್ಲಾ ಎಲೀಶ" ಅಂದ, ನಿನ್ನೆ ತಾನೇ ನೋಡಿದ ಹಾಗೆ. ನಿಂತ ಕಾಲಲ್ಲೇ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯ್ತು ಅಂದೆ. ಕಾಲಿಗೆ ಬೀಳೋಕೆ ಹೋದೆ, ಹಿಂದೆ ಸರಿದ.

"ನಂಗೇನ್ ಕಿವುಡಾಗಿತ್ತೇನ್ಲಾ? ವಿಷಲ್ಲು ಕೇಳ್ಸ್ತು. ನಿನ್ ಮಗ್ಳು ನನ್ನ ಮಾವ ಮಾವ ಅಂತಿತ್ತು. ಅದ್ರ ಮದ್ವೆ ಕೆಟ್ಟೋಯ್ತದೆ ಅಂತ ಬಾಯ್ ಮುಚ್ಕಂಡೆ. ಒಂದ್ ತಿಂಗ್ಳು ಆದ್ಮ್ಯಾಲೆ ಬತ್ತನೆ ಅನ್ಕಂಡೆ. ವರ್ಷ ಆಯ್ತು. ಒಂಬತ್ ವರ್ಷ ಆಯ್ತು ಕಣ್ಲಾ."

ಒರೆಸೋ ಬಟ್ಟೆ ವ್ಯಾನಿನ ಮೇಲೆ ಎಸೆದ.

"ನಂಗೊತ್ತಿರೋದ್ನೇ ನಂಗ್ ಯೋಳಕ್ಕೆ ಇಲ್ಲೀಗಂಟ ಬಂದ್ಯಾ? ಗೊತ್ತಿಲ್ದಿರೋದು ಅವತ್ ಬಿದ್ದ ಆ ಯಮ್ಮಂಗೆ. ಅವ್ಳಿಗ್ ಯೋಳು. ಓಗು."

ರೂಪ ಒಳಗಿಂದ ನೀರಿನ ಚೊಂಬು ತಂದಳು. "ಬ್ಯಾಡ. ಒಳಕ್ಕೋಗವ್ವ" ಅಂದ. ಅವಳು ಚೊಂಬು ಹಿಡಿದೇ ವಾಪಸ್ ಹೋದಳು.

24-11, ಭಾನುವಾರ

ಹೇಳಿದೆ. ಆರಾಧನೆ ಆದ ಮೇಲೆ, ಮರದಡಿ.

ಚಿಕ್ಕನಿಂಗಮ್ಮ ಊರುಗೋಲಿನ ತುದಿ ನೋಡುತ್ತಾ ಕೂತಳು. ಹೊಡೀತಾಳೆ ಅಂದುಕೊಂಡೆ. ಹೊಡೆದಿದ್ದರೆ ವಾಸಿ ಇತ್ತು. ಕೊನೆಗೆ ಕೇಳಿದಳು —

"ಅಂಗಾರೆ ನಾ ತೂರಿದ್ ಮಣ್ಣು ಯಾರ್ ಮನೆ ಮ್ಯಾಲೆ ಬಿತ್ತು?"

ಊರುಗೋಲು ನೆಲಕ್ಕೆ ಒತ್ತಿದಳು. "ಅವ್ನಿಗ್ ಮಕ್ಳವ್ರಾ? ಚೆನ್ನಾಗವ್ರಾ?" ಒಬ್ಬಳು ಮಗಳು, ಚೆನ್ನಾಗಿದ್ದಾಳೆ ಅಂದೆ. ಉಸಿರು ಬಿಟ್ಟಳು.

"ಬರೋ ಭಾನ್ವಾರ ಬತ್ತೀನಿ. ಕರ್ಕಂಡೋಗು ಅವ್ನ ಮನೆಗೆ. ನಾ ತೂರಿದ್ನ ನಾನೇ ವಾಪಸ್ ತಕ್ಕಬೇಕು."

"ನನ್ನ..." ಅಂದೆ.

"ನಿನ್ ಇಚಾರ ಆಮ್ಯಾಕೆ. ಈಗ ನನ್ ಮೊಕ ನೋಡ್ಬ್ಯಾಡ."

ಬರೋ ಭಾನುವಾರ ಅಂದರೆ ಡಿಸೆಂಬರ್ ಒಂದು. ಕಾರ್ಯಕ್ರಮ. ಪಾಸ್ಟರಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಣ್ಣು ಒರೆಸಿಕೊಂಡು, "ವರದಿ ನಾನು ಓದ್ತೀನಿ. ನೀವು ಅಲ್ಲಿಗೆ ಹೋಗಿ ಅಂಕಲ್. ಹಿರಿಯರ ವಿಷಯ ಸಭೆಗೆ ಬಿಡಿ" ಅಂದರು.

1-12, ಭಾನುವಾರ. 9.20, ಕೊಳ್ಳೇಗಾಲ ಬಸ್ ಸ್ಟ್ಯಾಂಡು

ಯಳಂದೂರು ಬಸ್ಸಿಗೆ ಕಾಯ್ತಿದ್ದೇವೆ. ಚಿಕ್ಕನಿಂಗಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಟೀ ಕೊಡಿಸ್ಲಾ ಅಂದೆ. ಬೇಡ. ಮಡಿಲಲ್ಲಿ ಮಾದಪ್ಪನ ಪ್ರಸಾದದ ಪೊಟ್ಟಣ. ಗ್ರೇಸಮ್ಮ ಕಟ್ಟಿಕೊಟ್ಟ ಕಜ್ಜಾಯದ ಡಬ್ಬಿ ನನ್ನ ಕೈಯಲ್ಲಿ. ಇನ್ನರ್ಧ ಗಂಟೆಗೆ ಹನೂರಲ್ಲಿ ಆರಾಧನೆ ಶುರು.

11.45, ಯಳಂದೂರು

ಮಂಟೇಸ್ವಾಮಿಯ ಜಗಲಿ ಮೇಲೆ ಕೂತು ಬರೀತಿದ್ದೇನೆ. ಸುಮ್ಮನೆ ಕೂರೋಕೆ ಆಗ್ತಿಲ್ಲ. "ನೀ ಈಚೆ ಇರು" ಅಂತ ಅವಳೊಬ್ಬಳೇ ಒಳಗೆ ಹೋದಳು. ಮುಕ್ಕಾಲು ಗಂಟೆಯಾಯಿತು. ಮೊದಲು ಅವಳ ಅಳು ಕೇಳಿಸಿತು. ಆಮೇಲೆ ಅವನದು. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿದ್ದವನು ನಾನು, ಅವನ ಅಳು ಕೇಳಿರಲಿಲ್ಲ. ಈಗ ತಟ್ಟೆ ಸದ್ದು.

ಭಯ ಆಗ್ತಿದೆ. ಹೀಗೇ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿಬಿಡಲಾ ಅನ್ನಿಸ್ತಿದೆ. ಹೋಗಲ್ಲ.

ಬಾಗಿಲಿಗೆ ಬಂದಿದ್ದಾನೆ. ಕಣ್ಣು ಕೆಂಪಗಿದೆ. "ಏನ್ಲಾ ಅದು ಬರ್ಯದು? ಎದ್ದೇಳ್ಲಾ. ಆ ಯಮ್ಮ ನೀ ಬರೋಗಂಟ ತುತ್ತು ಮುರಿಯಾಕಿಲ್ಲ ಅಂತ ಕುಂತವ್ಳೆ. ಮುದ್ದೆ ಆರೋಯ್ತದೆ, ಒಳಕ್ ಬಾ."

ರೂಪ ಕೈಗೆ ನೀರು ಹಾಕೋಕೆ ಚೊಂಬು ಹಿಡಿದು ನಿಂತಿದ್ದಾಳೆ. ಪೆನ್ನು ಎಲ್ಲಿ ಇಡೋದು, ನನಗೆ ಕಣ್ಣು ಕಾಣ್ತಾನೇ ಇಲ್ಲ, ನಾನು ಈಗ—