ನೀನು ಮತ್ತೆ ಮುಚ್ಚಿದ ಗುಂಡಿ

ಕ್ಲೆಮ್,

ಲಿಂಕನ್ ನಗರದಿಂದ ಪುರಾತತ್ವದವರು ಬಂದು ಇವತ್ತು ನೀನು ಮುಚ್ಚಿದ್ದ ಗುಂಡಿ ತೆರೆದರು. ಹೋದ ವರ್ಷ ಸುಗ್ಗಿ ಮುಗಿದ ಹೊಲದಲ್ಲಿ ಲೋಹ ಹುಡುಕುವ ನಿನ್ನ ಡಿಟೆಕ್ಟರ್ ಕೂಗಿ, ರೋಮನ್ ಬೆಳ್ಳಿ ನಾಣ್ಯಗಳು ಇಣುಕಿದ ಕೂಡಲೇ ನೀನು ಮಣ್ಣು ಮುಚ್ಚಿ ಅವರಿಗೆ ಫೋನ್ ಮಾಡಿದ್ದೆ.

"ಕೈಗೆ ಬಂದ ಬೆಳ್ಳೀನ ಮತ್ತೆ ಹೂಳ್ತಾರೇನೋ, ಪೆದ್ದ!" ಎಂದು ಹೊಲದ ಯಜಮಾನ ರಾಂಡಲ್ ನಕ್ಕಿದ್ದ.

"ಅದು ಹೇಗೆ ಮಲಗಿದೆ ಅಂತ ತಿಳಿದವರು ನೋಡ್ಲಿ ಬಿಡೋ," ಅಂದಿದ್ದೆ ನೀನು.

ಅಲ್ಲಿ ಮಲಗಿದ್ದು ಒಂದು ಮಗು. ಅದರ ಪುಟ್ಟ ಕೈಮೂಳೆಗಳ ಸುತ್ತ ಯಾರೋ ನಾಣ್ಯಗಳನ್ನು ಒಂದೊಂದಾಗಿ ಜೋಡಿಸಿಟ್ಟಿದ್ದರು.

ರಾಂಡಲ್ ಟೋಪಿ ತೆಗೆದ.

"ನಾಣ್ಯ ಕಂಡವರು ಆವತ್ತೇ ಪೂರ್ತಿ ಅಗೆದುಬಿಟ್ಟಿದ್ರೆ ಇದು ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ," ಅಂದಳು ಅಗೆಯುತ್ತಿದ್ದ ಹುಡುಗಿ. "ಎಲ್ಲಿ, ಬರ್ಲಿಲ್ವಾ ಅವರು?"

ಚಳಿಗಾಲದಲ್ಲಿ ನೀನು ತೀರಿಕೊಂಡದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. "ಇಲ್ಲಮ್ಮ," ಎಂದಷ್ಟೇ ಹೇಳಿ, ನಾನು ಗುಂಡಿಯ ಅಂಚಿನಲ್ಲಿ ನೀನು ಕೂರುತ್ತಿದ್ದ ಹಾಗೆ ಮಂಡಿಯೂರಿ ಕೂತೆ. ಅವರು ಟಾರ್ಪಾಲಿನ್ ಹೊದಿಸುವವರೆಗೂ ಏಳಲಿಲ್ಲ.

ನಿನ್ನ
ಹೆಸ್ಟರ್