ಬಾಯ್ತುಂಬ ಎಲೆ

ನಿಲಂಗಾ
೮ ಜೂನ್ ೧೯೫೨

ನನ್ನ ಮುದ್ದಿನ ಚಂಪಾ,

ಚಂದ್ರಭಾಗಾ ನಕ್ಕಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ಪಕ್ಕದ ಮನೆ ರೇವಣಪ್ಪನ ಈ ಮಗಳು ಜೀವವೇ ಬೇಡ ಎನ್ನುತ್ತಿದ್ದಾಳೆ ಎಂದು ನಾನು ಗಾಬರಿಯಲ್ಲಿ ಬರೆದಾಗ, ನಿನ್ನ ಸೊಲ್ಲಾಪುರದ ಆಸ್ಪತ್ರೆಯ ಡಾಕ್ಟರಮ್ಮ ನಿನಗೆ ಕಲಿಸಿದ್ದನ್ನು ಬರೆದು ಕಳಿಸಿದೆಯಲ್ಲ: ಎದುರಿಗೆ ಕೂರಿಸಿಕೊಂಡು ನೇರವಾಗಿ ಕೇಳು, ಬುದ್ಧಿ ಹೇಳಬೇಡ, ಒಬ್ಬಳನ್ನೇ ಬಿಡಬೇಡ. ಹಾಗೇ ಜಮಖಾನೆ ಹಾಸಿ ಎದುರು ಕೂರಿಸಿದೆ. ಹುಡುಗಿ ಸೆರಗು ಹೊದ್ದು, ತಲೆ ತಗ್ಗಿಸಿ, ಹೆಸರು ಹೇಳಿ, ಹದಿನೈದು ವರ್ಷ, ರೊಟ್ಟಿ ಬಡಿಯಲು ಬರುತ್ತದೆ ಎಂದು ಒಪ್ಪಿಸಿದಳು. ನಾನು ಯಾರದೋ ಮನೆಗೆ ಹೆಣ್ಣು ನೋಡುತ್ತಿದ್ದೇನೆ ಎಂದುಕೊಂಡಿದ್ದಳು ಪಾಪ. ನಾನು ಹಣೆ ಹಣೆ ಬಡಿದುಕೊಂಡೆ.

ಮರುದಿನ ಅವರ ಬಿತ್ತನೆಯ ಶೇಂಗಾ ಸುಲಿಯಲು ಹೋಗಿ ಮಗ್ಗುಲಲ್ಲಿ ಕೂತೆ. ಇಬ್ಬರ ಕಣ್ಣೂ ಮೊರದ ಮೇಲೆ. ಆದರೆ ಬುದ್ಧಿ ಹೇಳದೆ ಇರುವುದು ನನ್ನಿಂದ ಆಗುವ ಮಾತೇ? ನಿನ್ನ ಅಪ್ಪ ಅಯ್ಯನವರಾಗಿ ಊರಿಗೆಲ್ಲ ಬುದ್ಧಿ ಹೇಳುತ್ತಾರೆ, ನಾನು ಅವರಿಗೇ ಹೇಳುವವಳು. ಅದಕ್ಕೇ ಒಂದು ಉಪಾಯ ಹೂಡಿದೆ. ಕೇಳುವುದನ್ನು ಕೇಳಿ, ತಟ್ಟನೆ ಬಾಯ್ತುಂಬ ಎಲೆ ಅಡಿಕೆ ತುಂಬಿಕೊಂಡೆ.

ಕೇಳಿದ್ದು ಇಷ್ಟೇ: "ಸಾಯಬೇಕು ಅನಸ್ತದೇನ ತಂಗಿ?"

ಅವಳು ಕೈಯಲ್ಲಿದ್ದ ಕಾಯಿ ಸುಲಿದು ಮೊರಕ್ಕೆ ಹಾಕಿದಳು. ಆಮೇಲೆ ತಾನೇ ಹೇಳತೊಡಗಿದಳು. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದುವಾಗ ಮೊದಲ ನಂಬರ್ ಬರುತ್ತಿದ್ದವಳು, ಪೊಲೀಸ್ ಆಕ್ಷನ್ ಆಗಿ ಅವನ ಆಳ್ವಿಕೆ ಹೋದಮೇಲೆ ಶಾಲೆಗೆ ಮರಾಠಿ ಬಂದು ಫೇಲಾದಳು. ಮಾಸ್ತರಬಾಯಿ ಆಗುವ ಆಸೆ ಮುಗಿಯಿತು, ಇನ್ನು ಲಗ್ನವೇ ಎಂದು ಮನೆಯವರು.

"ನಾ ಯಾತಕ್ಕೂ ಬಾರದಾಕಿ ರೀ ಅಮ್ಮಾರ. ಅದಕ್ಕ ಹಂಗ ಅನಸ್ತದ," ಎಂದು ಅತ್ತಳು.

ನೂರು ಬುದ್ಧಿಮಾತು ಗಂಟಲಿಗೆ ಬಂದವು. ತಡೆಯಲಾರದೆ ಬಾಯಿ ತೆರೆದೆ, ಕೆಂಪು ರಸವೆಲ್ಲ ಇಳಕಲ್ ಸೀರೆಯ ಮೇಲೆ! ಹುಡುಗಿ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಆ ನಗು ಕೇಳಿ ನಾನು ಅತ್ತೆ.

ಅವಳ ಒಪ್ಪಿಗೆ ಕೇಳಿಯೇ ಅವಳ ಅಪ್ಪನಿಗೂ ಹೇಳಿದೆ. ಮಗಳು ಬದುಕಿದ್ದರೆ ಸಾಕು ಎಂದ ರೇವಣಪ್ಪ. ಲಗ್ನದ ಮಾತು ಬಿಟ್ಟು ಮತ್ತೆ ಶಾಲೆಗೆ ಹೆಸರು ಹಚ್ಚಿದ್ದಾನೆ. ತಾಯಿ ಅವಳೊಬ್ಬಳನ್ನೇ ಬಿಡುವುದಿಲ್ಲ. ಕೆಲವು ದಿನ ಅವಳ ಮುಖ ಇನ್ನೂ ಬಾಡಿರುತ್ತದೆ. ಅಂಥ ದಿನ ತಾನೇ ಬಂದು ಮಗ್ಗುಲಲ್ಲಿ ಕೂತು, "ಅಮ್ಮಾರ, ಎಲಿ ಹಾಕ್ಕೋರಿ," ಎನ್ನುತ್ತಾಳೆ.

ಕೆಂಪು ಬಾಯಿಯ ಮುತ್ತುಗಳೊಂದಿಗೆ,
ನಿನ್ನ ಅವ್ವ
ಗುರಮ್ಮ

ತಾ.ಕ.: ಆ ಪ್ರಶ್ನೆಯನ್ನು ಮೊದಲು ಕನ್ನಡಿಯ ಮುಂದೆ ನನ್ನನ್ನೇ ಕೇಳಿ ರೂಢಿ ಮಾಡಿಕೊಂಡೆ. ಹದಿನಾಲ್ಕರಲ್ಲಿ, ಲಗ್ನವಾಗಿ ಈ ಮನೆಗೆ ಬಂದ ವರ್ಷ, ಯಾರಾದರೂ ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಈಗೇನೂ ಇಲ್ಲ, ಗಾಬರಿಯಾಗಬೇಡ. ಶ್ರಾವಣಕ್ಕೆ ಬಂದಾಗ ಎಲ್ಲ ಹೇಳುತ್ತೇನೆ. ಎಲೆ ತರಿಸಿಟ್ಟಿರುತ್ತೇನೆ, ನೀನು ಹಾಕಿಕೊಳ್ಳುವೆಯಂತೆ.