ಅತ್ತೆಯ ಎರಡನೇ ಎಂಟರ್

ಮಾವಾ,

ತೀರ್ಥರೂಪ, ಸಾಷ್ಟಾಂಗ ಅಂತೆಲ್ಲ ಶುರುಮಾಡಿದರೆ ನೀವೇ "ಸಾಕು, ವಿಷಯಕ್ಕೆ ಬಾ" ಅನ್ನುತ್ತಿದ್ದಿರಿ. ವಿಷಯ ಇಷ್ಟು: ನೀವು ಹೋದ ಮೇಲೆ ನೀವು ಕಟ್ಟಿಟ್ಟಿದ್ದನ್ನು ಕೆಡಿಸಿದವಳು ನಾನು. ಸರಿಮಾಡಿದವಳೂ ನಾನೇ ಎಂದು ಬರೆಯುವ ಆಸೆಯಿತ್ತು, ಆದರೆ ಅದು ಪೂರ್ತಿ ನಿಜವಲ್ಲ.

ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ, ಈ ಮೈಲಾಪೂರಿನ ಮನೆಗೆ ಬಂದ ಮೊದಲ ವಾರ ನೆನಪಾಗುತ್ತದೆ. ಮುಂದಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಮೆಷಿನ್ನು, ಪಕ್ಕದಲ್ಲೇ ನಿಮ್ಮ ಆ ಮುದಿ ಕಂಪ್ಯೂಟರು. ಮೌಸ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡಬೇಕು. ಅದರ ಜೊತೆ ಬಂದಿದ್ದ ಕಮಾಂಡುಗಳು ಅತ್ತೆಗೆ ಒಗ್ಗಲಿಲ್ಲವೆಂದು, ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದ ನೀವು ಅವನ್ನು ಬದಿಗಿಟ್ಟು ನಿಮ್ಮವೇ ಬರೆದುಕೊಟ್ಟಿದ್ದಿರಿ. ಗಿರಾಕಿಯ ಬ್ಲೌಸಿನ ಅಳತೆ ಉಳಿಸಲು 'ಇಡು', ತೆರೆಯಲು 'ನೋಡು'. ದೊಡ್ಡ ಸಾಫ್ಟ್‌ವೇರಿನವಳು ನಾನು, ನಕ್ಕುಬಿಟ್ಟೆ. ಬೇಜಾರಾಗಿತ್ತಾ ನಿಮಗೆ? ಕೇಳಲೇ ಇಲ್ಲ ನೋಡಿ.

ಆ ಎಂಟರ್ ಕೀಲಿಯ ವಿಷಯಕ್ಕೆ ಎಷ್ಟು ಸಲ ಜಗಳವಾಡಿದ್ದೇವೆ! ನಿಮ್ಮ ಪ್ರತಿ ಕಮಾಂಡೂ ಕೆಲಸ ಮುಗಿಸಿ ಸುಮ್ಮನೆ ನಿಲ್ಲುತ್ತಿತ್ತು, ಇನ್ನೊಮ್ಮೆ ಎಂಟರ್ ಒತ್ತಿದರೇ ಮುಂದಕ್ಕೆ ಹೋಗುತ್ತಿದ್ದುದು. "ಯಾಕೆ ಮಾವ ಇದು, ದಂಡಕ್ಕೆ?" ಎಂದರೆ, "ಅವಳ ಕೈಗೆ ಅದು ಬೇಕು" ಎನ್ನುತ್ತಿದ್ದಿರಿ. ಒಂದೇ ಹೆಸರಿಗೆ ಎರಡನೇ ಸಲ ಅಳತೆ ಇಟ್ಟರೆ ಹಳೆಯದು ಅಳಿಯದೆ, ಹೊಸದು ಎರಡು ಎಂಬ ನಂಬರ್ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿತ್ತು. ಅದೂ ನನ್ನ ಕಣ್ಣಿಗೆ ಬರೀ ಕಸ. ನಿಮಗೆ ಹಟ, ನನಗೆ ಹಮ್ಮು.

ನೀವು ಹೋಗಿ ಮೂರು ತಿಂಗಳಿಗೆ ಆ ಕಂಪ್ಯೂಟರೂ ಹೋಯಿತು. ಹೊಸದನ್ನು ತಂದು, ಅಳತೆಗಳನ್ನೆಲ್ಲ ಅದಕ್ಕೆ ಸಾಗಿಸಿ, ನಿಮ್ಮ ಕಮಾಂಡುಗಳನ್ನು ಅದೇ ಹೆಸರಿನಲ್ಲಿ ನಾನೇ ಮತ್ತೆ ಬರೆದೆ. ಸುಧಾರಿಸಿ ಬರೆದೆ! ದಂಡದ ಎಂಟರ್ ಕಿತ್ತುಹಾಕಿದೆ. ಹೆಸರು ಮೊದಲೇ ಇದ್ದರೆ "ಹಳೆಯದನ್ನು ಅಳಿಸಲೇ?" ಎಂದು ಕೇಳುವಂತೆ ಮಾಡಿದೆ, ಎಂಟರ್ ಒತ್ತಿದರೆ ಹೌದು. ನೀವಿದ್ದಿದ್ದರೆ ತೋರಿಸಿ ಮೆರೆಯುತ್ತಿದ್ದೆ.

ಮಾಧವರಂನ ವತ್ಸಲಾ ಮಾಮಿ ಮಗಳ ಮದುವೆಯ ಹಿಂದಿನ ದಿನ ಓಡಿಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಎನ್ನ ಮಾಮಿ ಇದು? ಕೈಯೇ ನುಳಯಲೆ!" ಎಂದು, ತೋಳೇ ತೂರದ ತಮ್ಮ ರೇಷ್ಮೆ ಬ್ಲೌಸನ್ನು ಮೇಜಿನ ಮೇಲೆ ಹಾಕಿದರು. ಅತ್ತೆ ತಾಯಿಯ ಬ್ಲೌಸನ್ನು ಮಗಳ ಅಳತೆಗೆ ಹೊಲಿದಿದ್ದರು. ಬಟ್ಟೆ ಕತ್ತರಿಸಿಯಾಗಿತ್ತು, ಮಾಡುವುದೇನು? ತೋಳಿಗೂ ಪಕ್ಕಕ್ಕೂ ಬೇರೆ ರೇಷ್ಮೆಯ ಪಟ್ಟಿ ಕೂಡಿಸಿ ಸಂಜೆಯೊಳಗೆ ಹೇಗೋ ಮಾನ ಉಳಿಸಿಕೊಂಡರು. ಆಮೇಲೆ ಕತ್ತರಿ ಕೆಳಗಿಟ್ಟು ಹೇಳಿದರು, "ಇನ್ನು ಸಾಕು ಮಾರಾಯ್ತಿ. ಕಣ್ಣು ಹೇಗೂ ಮಂದ ಆಗಿದೆ, ಈಗ ತಲೆಯೂ ಹೋಯ್ತು ಕಾಣ್ತದೆ. ಬಾಗಿಲಿನ ಆ ಟೈಲರಿಂಗ್ ಬೋರ್ಡು ತೆಗ್ದುಬಿಡು." ನೀವು ಹೋದ ದಿನವೂ ಅವರ ದನಿ ಅಷ್ಟು ಸೋತಿರಲಿಲ್ಲ ಮಾವ.

ಮಾರನೇ ದಿನ ಫೈಲುಗಳನ್ನು ಕೆದಕಿದಾಗ ನನಗೆ ಗೊತ್ತಾಯಿತು. ನೀವು ಹಚ್ಚುತ್ತಿದ್ದ ನಂಬರನ್ನು ಅತ್ತೆ ಸಂಸಾರದ ಲೆಕ್ಕಕ್ಕೆ ಬಳಸುತ್ತಿದ್ದರು! 'ವತ್ಸಲಾ' ಎಂದರೆ ತಾಯಿ, ಎರಡು ಎಂದರೆ ಮಗಳು. ಇದು ನಿಮಗಾದರೂ ಗೊತ್ತಿತ್ತಾ? ಮಗಳ ಅಳತೆ ಇಡುವಾಗ ಅತ್ತೆಯ ಕಣ್ಣು ಟೇಪಿನ ಮೇಲಿತ್ತು, ಬೆರಳು ಅಭ್ಯಾಸದಂತೆ ಎರಡು ಸಲ ಎಂಟರ್ ಒತ್ತಿತು. ಎರಡನೆಯದನ್ನು ನನ್ನ ಜಾಣ ಕಮಾಂಡು 'ಹೌದು' ಎಂದು ತಿಳಿದು ತಾಯಿಯ ಅಳತೆಯನ್ನೇ ಅಳಿಸಿತು. ತಪ್ಪು ನನ್ನದು. ಹೇಳಲು ನನಗೆ ಎರಡು ದಿನ ಬೇಕಾಯಿತು. ಅತ್ತೆ ಬೈಯಲಿಲ್ಲ. "ಹಾಗಾದ್ರೆ ನನ್ನ ತಲೆ ಸರಿ ಉಂಟಲ್ಲ?" ಎಂದು ಮೂರು ಸಲ ಕೇಳಿದರು, ನಾನು ಮೂರು ಸಲವೂ ಹೌದೆಂದು ಹೇಳಿ ಅತ್ತುಬಿಟ್ಟೆ.

ಅತ್ತು ಮುಗಿಸಿ, ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಒಂದು ವಾರ ರಜೆ ಹಾಕಿ ಅತ್ತೆಯ ಪಕ್ಕ ಕೂತು ಅವರ ಬೆರಳುಗಳನ್ನು ನೋಡಿದೆ. ಅಳತೆಗಳನ್ನು ಸಾಗಿಸುವಾಗ ತೆಗೆದಿಟ್ಟ ಪ್ರತಿಯಿಂದ ವತ್ಸಲಾ ಮಾಮಿಯ ಅಳತೆ ಸಿಕ್ಕಿತು. ಕಮಾಂಡುಗಳನ್ನು ನಿಮ್ಮವು ಹೇಗಿದ್ದವೋ ಹಾಗೇ ಬರೆದೆ: ಅದೇ ನಿಲ್ಲುವಿಕೆ, ಅದೇ ನಂಬರು. ಅತ್ತೆ ಮೊದಲ ಸಲ ಎಂಟರ್, ಎಂಟರ್ ಒತ್ತಿ, "ಹಾಂ, ಈಗ ಸರಿ" ಎಂದು ಮೆಷಿನ್ನಿಗೆ ದಾರ ಪೋಣಿಸಲು ನನಗೆ ಕೊಟ್ಟರು. ಬೋರ್ಡು ಅಲ್ಲೇ ಇದೆ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಬರೆದದ್ದನ್ನು ಗಟ್ಟಿಯಾಗಿ ಓದಲು ಹೊಸ ಕಂಪ್ಯೂಟರಿಗೆ ಬರುತ್ತದೆ ಎಂದೆ. ಅತ್ತೆ ನಾಲ್ಕು ದಿನ ಬಿಟ್ಟು, "'ನೋಡು' ತೋರಿಸಿದ್ದನ್ನು ಅದಕ್ಕೆ ಕೊಟ್ರೆ ಓದ್ಲಿಕ್ಕಿಲ್ಲವಾ? ನೀ ಮಾಡ್ಬೇಡ, ಹೇಗೆ ಅಂತ ಹೇಳು, ನಾನೇ ಮಾಡ್ತೇನೆ" ಎಂದರು. ಮಾಡಿದರು ಮಾವ! ಎರಡೇ ಸಾಲು, ಅದಕ್ಕೆ ಇಡೀ ಮಧ್ಯಾಹ್ನ. ಕಮಾಂಡಿನ ಹೆಸರು 'ಹೇಳು'. ಪರೀಕ್ಷೆಗೆ ಯಾರ ಅಳತೆ ಕೊಡೋಣ ಎಂದರೆ ಟೇಪನ್ನು ನನ್ನ ಕೈಗಿಟ್ಟು ತೋಳೆತ್ತಿ ನಿಂತರು. ಇಷ್ಟು ವರ್ಷದ ಫೈಲುಗಳಲ್ಲಿ ಅವರ ಹೆಸರಿನದು ಒಂದೂ ಇರಲಿಲ್ಲ. ಈಗ 'ಜಲಜಾ' ಎಂಬುದೊಂದಿದೆ. ನವಿಲು ಬಣ್ಣದ ರೇಷ್ಮೆ ತರಿಸಿದ್ದಾರೆ, ಮುಂದಿನ ವಾರ ತಮಗೇ ಹೊಲಿದುಕೊಳ್ಳುತ್ತಾರೆ.

'ಹೇಳು'ವಿನಲ್ಲಿ ಒಂದು ತಪ್ಪಿದೆ. ಪ್ರತಿಯೊಂದು ಅಳತೆಯನ್ನೂ ಎರಡೆರಡು ಸಲ ಓದುತ್ತದೆ. ಅತ್ತೆ ಮೊದಲ ಸಲಕ್ಕೆ ಟೇಪು ಹಿಡಿಯುತ್ತಾರೆ, ಎರಡನೇ ಸಲಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಸರಿಮಾಡಲು ನನಗೆ ಅರ್ಧ ನಿಮಿಷ ಸಾಕು. ಮಾಡುವುದಿಲ್ಲ ಮಾವ, ಆಣೆಗೂ ಮಾಡುವುದಿಲ್ಲ.

ನಿಮ್ಮ ಸೊಸೆ,
ಸೌಮ್ಯಾ